ಕಲ್ಲಾಚೆಯ ಗಾಡಿ

ಕಾರು ಮುಂದಿನ ತಿರುವು ದಾಟಿ ಮರೆಯಾದ ಮೇಲೂ ಗಿಡ್ಡಮ್ಮನ ಸೆರಗು ಹಾರುತ್ತಲೇ ಇತ್ತು. ತಲೆಯ ಮೇಲಿದ್ದ ಹುರುಳಿ ಹೊರೆ ರಸ್ತೆಯ ತುಂಬ ಚೆಲ್ಲಿತ್ತು. ಮಗ ಹೇಮಂತ ಓಡಿ ಬಂದು ಅವಳ ರಟ್ಟೆ ಹಿಡಿದು ಮೋರಿ ಕಟ್ಟೆಯ ಮೇಲೆ ಕೂರಿಸಿದ.

"ಒಂದು ಹೆಜ್ಜೆ ಮುಂದಿದ್ರೆ ಹೋಗೇಬಿಡ್ತಿದ್ದೆ ಕಣವ್ವ. ಸಾಕು, ಇನ್ನು ನೀನು ಒಕ್ಕಣೆಗೆ ಬರಕೂಡ್ದು. ಹುರುಳಿ ನಾನು ನೋಡ್ಕತೀನಿ."

"ನೋಡೇ ದಾಟಿದ್ದು ಕಣ್ಲಾ. ಕಾರು ಕಲ್ಲಾಚೆ ಇತ್ತು."

"ಇತ್ತು, ಇತ್ತು. ನಿಂಗೆ ಕಣ್ಣು ಮಂಜಾಗೈತೆ."

ಗೆಂಡೆಹಳ್ಳಿಯಿಂದ ಬೇಲೂರಿಗೆ ಹೋಗುವ ಈ ರಸ್ತೆ ಸರ್ಕಾರದ್ದು. ಆದರೆ ಹುರುಳಿ ಕಿತ್ತ ಒಂದು ತಿಂಗಳು ಅದು ಊರವರ ಕಣ. ಒಕ್ಕಣೆಯ ಗುಂಡುಕಲ್ಲು ಎಳೆಯುವ ಎತ್ತುಗಳು ಈಗ ಯಾರ ಮನೆಯಲ್ಲೂ ಇಲ್ಲ. ಟಾರಿನ ಮೇಲೆ ಹುರುಳಿ ಹರಡಿದರೆ ಆಯಿತು, ಬೇಲೂರಿಗೆ ಹೋಗುವವರೆಲ್ಲ ಮೇಲೆ ಗಾಡಿ ಹರಿಸಿ ಪುಕ್ಕಟೆ ಒಕ್ಕಿಕೊಟ್ಟು ಹೋಗುತ್ತಾರೆ. ಬೈದುಕೊಂಡೇ ಒಕ್ಕುತ್ತಾರೆ, ಅದು ಬೇರೆ ಮಾತು. ಉದುರಿದ ಕಾಳು ಗುಡಿಸಿ, ಸೊಪ್ಪನ್ನು ಹೊರೆ ಕಟ್ಟಿ ಆಚೆ ಬದಿಯ ಹಿತ್ತಲಿಗೆ ಸಾಗಿಸುವುದು ಗಿಡ್ಡಮ್ಮನ ಕೆಲಸ. ಅವಳು ದಾಟುವ ಜಾಗದಿಂದ ಇನ್ನೂರು ಮೀಟರ್ ಆಚೆ ರಸ್ತೆಯಂಚಿಗೆ ಒಂದು ಕಲ್ಲು ನೆಟ್ಟಿದ್ದಾರೆ. ಗಾಡಿ ಕಲ್ಲಾಚೆ ಇದ್ದರೆ ದಾಟು, ಈಚೆ ಬಂದಿದ್ದರೆ ನಿಲ್ಲು. ನಲವತ್ತು ವರ್ಷ ಈ ಲೆಕ್ಕ ಕೈಕೊಟ್ಟಿರಲಿಲ್ಲ. ಹೇಮಂತ ಅವಳ ಸೊಂಟದೆತ್ತರ ಇದ್ದಾಗ ಅವನಿಗೂ ಅದನ್ನೇ ಹೇಳಿಕೊಟ್ಟಿದ್ದಳು.

ಮಾರನೆಯ ದಿನ ಭಾನುವಾರ. ಮಗ ಒಕ್ಕಣೆಗೆ ಬರಬೇಡ ಅಂದಿದ್ದಾನೆ, ಮೋರಿ ಕಟ್ಟೆಯ ಮೇಲೆ ಕೂರಬೇಡ ಅಂದಿಲ್ಲವಲ್ಲ ಎಂದು ಗಿಡ್ಡಮ್ಮ ಬೆಳಿಗ್ಗೆಯೇ ಹೋಗಿ ಕೂತಳು. ಸಾಯುವ ಭಯಕ್ಕಿಂತ ಮೂಲೆ ಸೇರುವ ಭಯವೇ ಅವಳಿಗೆ ದೊಡ್ಡದಾಗಿತ್ತು. ಒಂಬತ್ತನೇ ತರಗತಿಯ ಮೊಮ್ಮಗಳು ಸಿರಿ ವಿಜ್ಞಾನದ ಪುಸ್ತಕ ಹಿಡಿದು ಪಕ್ಕಕ್ಕೆ ಬಂದಳು.

"ನಿನ್ ಕಣ್ಣು ಸರಿಯಾಗೈತೆ ಅಜ್ಜಿ. ಗಾಡಿ ಎಲ್ಲೈತೆ ಅಂತ ನೋಡ್ತೀಯ, ಎಷ್ಟು ಜೋರಾಗಿ ಬತ್ತೈತೆ ಅಂತ ನೋಡಲ್ಲ."

"ಬರೋದನ್ನ ನೋಡ್ದೆ ಇರ್ತೀನೇನೇ?"

ರಸ್ತೆ ಖಾಲಿ ಇದ್ದಾಗ ಸಿರಿ ಅಜ್ಜಿಯ ತಲೆಗೆ ಒಂದು ಹೊರೆ ಹೊರಿಸಿ, ದಾಟಿಸಿ, ಕೈಗಡಿಯಾರ ನೋಡುತ್ತ ಎಣಿಸಿದಳು. ಆಚೆ ಮುಟ್ಟುವುದಕ್ಕೆ ಹತ್ತು ಎಣಿಕೆ. ಆಮೇಲೆ ಇಬ್ಬರೂ ಕಟ್ಟೆಯ ಮೇಲೆ ಕೂತು ಕಾದರು. ಬಸ್ಸು ಬಂತು. ಕಲ್ಲಿನಿಂದ ಮೋರಿಗೆ ಹದಿನೆಂಟು. ಸ್ವಲ್ಪ ಹೊತ್ತಿಗೆ ಒಂದು ಕೆಂಪು ಕಾರು ಬಂತು. ಸಿರಿಯ ಎಣಿಕೆ ಏಳು ಮುಟ್ಟುವಷ್ಟರಲ್ಲಿ ಅದು ಅವರ ಮುಂದಿತ್ತು.

"ಇನ್ನೊಂದ್ಸಲ ಎಣಿಸೇ."

ಇನ್ನೊಂದು ಕಾರಿಗೂ ಏಳೇ. ಗಿಡ್ಡಮ್ಮ ಕಲ್ಲನ್ನೇ ನೋಡಿದಳು. ಕಲ್ಲು ಇದ್ದಲ್ಲೇ ಇತ್ತು. ಅವಳ ಹತ್ತು ಎಣಿಕೆಯೂ ಅಷ್ಟೇ ಇತ್ತು. ನಡುವಿನ ಹೊತ್ತನ್ನು ಮಾತ್ರ ಯಾರೋ ಕದ್ದಿದ್ದರು. ಇಷ್ಟು ದಿನ ತಾನು ಬದುಕಿದ್ದು ಲೆಕ್ಕದಿಂದಲ್ಲ, ದೇವರ ದಯೆಯಿಂದ ಅನಿಸಿತು ಅವಳಿಗೆ.

"ಎಷ್ಟು ಹೊತ್ತಿಗೆ ಎಷ್ಟು ದೂರ ಓಡ್ತೈತೆ ಅನ್ನೋದಕ್ಕೆ ಜವ ಅಂತಾರೆ," ಎಂದಳು ಸಿರಿ. "ಈಗ ನೋಡು, ಒಂದು ಬಸ್ಸು ನಿನ್ ಕಡೆ ಬತ್ತೈತೆ, ಇನ್ನೊಂದು ಅಷ್ಟೇ ಜೋರಾಗಿ ಬೇಲೂರಿಗೆ ಹೋಗ್ತೈತೆ. ಎರಡೂ ಒಂದೇನಾ?"

"ಒಂದೆಂಗಾದದು? ಒಂದು ಬಿಟ್ಟೋಯ್ತದೆ, ಇನ್ನೊಂದು ಮೇಲೇ ಬತ್ತದೆ."

"ಹಂಗೆ ದಿಕ್ಕೂ ಸೇರಿಸಿ ಹೇಳಿದ್ರೆ ವೇಗ."

ಮಧ್ಯಾಹ್ನ ಅರಳಿಕಟ್ಟೆಯ ಹತ್ತಿರ ನಿಂತಿದ್ದ ಬಸ್ಸು ಹೊರಟಿತು. ಒಂದು ಕರೆಂಟ್ ಕಂಬದಿಂದ ಇನ್ನೊಂದಕ್ಕೆ ಗಿಡ್ಡಮ್ಮನೇ ಎಣಿಸಿದಳು. ಮೊದಲನೆಯದಕ್ಕೆ ಹನ್ನೊಂದು, ಆಮೇಲೆ ಐದು, ಆಮೇಲೆ ನಾಲ್ಕು.

"ಕಂಬಾನ ಬರ್ತಾ ಬರ್ತಾ ಹತ್ರ ನೆಟ್ಟವರಾ?"

"ಇಲ್ಲ ಅಜ್ಜಿ, ಎಲ್ಲಾ ಒಂದೇ ದೂರ."

ಗಿಡ್ಡಮ್ಮ ಒಂದೊಂದೇ ಕಂಬವನ್ನು ಕಣ್ಣಲ್ಲೇ ಅಳೆದಳು. "ಹಂಗಾರೆ ಓಟಕ್ಕೂ ಒಂದು ಓಟ ಐತೆ," ಎಂದಳು ಕೊನೆಗೆ, ಮೆಲ್ಲಗೆ.

ಓಟ ಹೀಗೆ ಏರುತ್ತ ಹೋಗುವುದರ ಹೆಸರು ವೇಗೋತ್ಕರ್ಷ ಎಂದು ಸಿರಿ ಹೇಳಿದಳು. ಆ ಹೆಸರು ಅಜ್ಜಿಯ ಬಾಯಲ್ಲಿ ತಿರುಗಲಿಲ್ಲ. ಆದರೆ ಅದನ್ನು ಕಂಡ ಬೆರಗು ಅವಳ ಮುಖದ ತುಂಬ ಇತ್ತು. ಎಪ್ಪತ್ತು ವರ್ಷ ಕಣ್ಣೆದುರೇ ಓಡಾಡಿಕೊಂಡಿದ್ದದ್ದು ಒಂದು ದಿನವೂ ಕಂಡಿರಲಿಲ್ಲವಲ್ಲ. ಮುಂದಿನ ಬಸ್ಸು ಬಂದಾಗ ತನಗರಿಯದೆ ಕೈ ಮುಗಿದಳು. ಡ್ರೈವರು ಹತ್ತುವವಳೆಂದು ಬ್ರೇಕ್ ಹಾಕಿ, ನಿಲ್ಲಿಸಿ, ಬೈದು ಹೋದ. ಓಟ ಕುಗ್ಗಿದರೂ ಅದೇ ಲೆಕ್ಕ, ತಿರುಗಾಮುರುಗಾ ಅಷ್ಟೇ ಎಂದು ಸಿರಿ ಬಿದ್ದು ಬಿದ್ದು ನಕ್ಕಳು.

ಸೋಮವಾರ ಸಿರಿ ಶಾಲೆಗೆ ಹೋದಳು. ಹೇಮಂತ ಒಬ್ಬನೇ ಹೊರೆ ಕಟ್ಟುತ್ತಿದ್ದ. ಗಿಡ್ಡಮ್ಮ ಕಟ್ಟೆಯ ಮೇಲೆ ತುಟಿ ಅಲುಗಿಸುತ್ತ ಕೂತಿದ್ದಳು. ತಾಯಿಗೆ ಜಪದ ಹುಚ್ಚು ಹಿಡಿಯಿತೇನೋ ಎಂದುಕೊಂಡು ಅವನು ತನಗಿಂತ ದೊಡ್ಡ ಹೊರೆಯನ್ನು ತಲೆಗೇರಿಸಿ ರಸ್ತೆಯಂಚಿಗೆ ಬಂದ. ಕಲ್ಲಾಚೆಯ ತಿರುವಿನಲ್ಲಿ ಬಿಳಿ ಕಾರೊಂದು ಕಾಣಿಸಿತು. ಸೊಪ್ಪಿನ ಸಂದಿಯಿಂದ ಒಮ್ಮೆ ಆ ಕಡೆ ನೋಡಿ, ಹೇಮಂತ ಟಾರಿನ ಮೇಲೆ ಕಾಲಿಟ್ಟ.

ಅಷ್ಟರಲ್ಲಿ ಗಿಡ್ಡಮ್ಮ ಅವನ ಮಣಿಕಟ್ಟು ಹಿಡಿದಿದ್ದಳು. ಕಂಬದಿಂದ ಕಂಬಕ್ಕೆ ಆ ಕಾರು ಎರಡೇ ಎಣಿಕೆ ತೆಗೆದುಕೊಂಡಿತ್ತು.

"ಬಿಡವ್ವ, ಇನ್ನೂ ಕಲ್ಲಾಚೆ ಐತೆ."

ಅದು ಅವಳದೇ ಮಾತು.

"ನಿಂತ್ಕಳ್ಲಾ," ಎಂದು ಅವನನ್ನು ಹಿಂದಕ್ಕೆಳೆದಳು. ಕಾರು ಕಲ್ಲು ಮುಟ್ಟಿತು. "ಒಂದು, ಎರಡು, ಮೂರು..."

ಏಳಕ್ಕೆ ಕಾರು ಅವರ ಮುಂದೆ ಹಾದುಹೋಯಿತು. ಹುರುಳಿ ಹೊಟ್ಟು ಎದ್ದು ಇಬ್ಬರ ಮುಖಕ್ಕೂ ಬಡಿಯಿತು. ಗಿಡ್ಡಮ್ಮ ಎಣಿಸುವುದನ್ನು ನಿಲ್ಲಿಸಲಿಲ್ಲ. ಎಂಟು, ಒಂಬತ್ತು, ಹತ್ತು. ಹತ್ತಕ್ಕೆ ಅವನ ಕೈ ಬಿಟ್ಟಳು.

"ಅದೇನವ್ವ ಎಣಿಸಿದ್ದು?"

"ಹೊರೆ ಹೊತ್ತವರು ಆಚೆ ಮುಟ್ಟೋದು ಹತ್ತಕ್ಕೆ ಕಣಪ್ಪ."

ಹೇಮಂತ ಖಾಲಿ ರಸ್ತೆಯನ್ನು ನೋಡಿದ, ಕಲ್ಲನ್ನು ನೋಡಿದ. ಹೊರೆ ಇಳಿಸಿ ತಾಯಿಯ ಪಕ್ಕ ಕಟ್ಟೆಯ ಮೇಲೆ ಕೂತ. ಬಿಸಿಲಿಗೆ ಹುರುಳಿ ಕಾಯಿಗಳು ಒಂದೊಂದೇ ಸಿಡಿಯುತ್ತಿದ್ದವು. ತಿರುವಿನಲ್ಲಿ ಹಾಲಿನ ಗಾಡಿ ಕಾಣಿಸಿತು. ಇಬ್ಬರ ತುಟಿಗಳೂ ಅಲುಗತೊಡಗಿದವು.