ಗೇಟಿನ ಫೋಟೋ

ಕಂಪನಿಯ ಬಗ್ಗೆ ಇಂಟರ್ನೆಟ್ಟಿನಲ್ಲಿ ಯಾರು ಎಲ್ಲಿ ಏನು ಬರೆದರೂ ಅದು ಮೊದಲು ಬೀಳುತ್ತಿದ್ದದ್ದು ಅವಳ ಕಣ್ಣಿಗೆ. ಹಾಗಾಗಿ ಆಫೀಸಿನಲ್ಲಿ ಅವಳಿಗೆ ಹದ್ದು ಎಂದೇ ಹೆಸರು ಬಿದ್ದಿತ್ತು. ಕೆಟಲ್, ಮಿಕ್ಸರ್, ಇಸ್ತ್ರಿಪೆಟ್ಟಿಗೆ ತಯಾರಿಸುವ ಕಂಪನಿ ಅದು. ಮೇಲಿನ ಮಹಡಿಯ ಮೂಲೆಯಲ್ಲಿ ಕಿಟಕಿಗೆ ಬೆನ್ನು ಹಾಕಿ ಕೂತು, ಹೊಗಳಿದವರಿಗೆ ಥ್ಯಾಂಕ್ಸ್ ಹೇಳುವುದು, ಬೈದವರ ಮಾತನ್ನು ಬೇರೆಯವರಿಗೆ ಕಾಣದ ಹಾಗೆ ಮರೆಮಾಡುವುದು, ಬೆದರಿಸಿದವರ ಸುದ್ದಿಯನ್ನು ಮೇಲಿನವರಿಗೆ ಮುಟ್ಟಿಸುವುದು ಅವಳ ಕೆಲಸ. ಓದಿ ಓದಿ ಚರ್ಮ ದಪ್ಪವಾಗಿತ್ತು. ಎಂಡಿಯವರನ್ನು ಕತ್ತೆ ಅಂದವರು, ಕಳ್ಳ ಅಂದವರು, ಅವರ ಬೋಳುತಲೆಯ ಮೇಲೆ ಪದ್ಯ ಕಟ್ಟಿದವರು, ಎಲ್ಲರೂ ಅವಳಿಗೆ ದಿನಾ ಬಂದು ಹೋಗುವ ನೆಂಟರ ಹಾಗೆ. ಯಾರು ಬರೀ ಬಾಯಿಬಡುಕರು, ಯಾರ ಮಾತಿಗೆ ಹಲ್ಲಿದೆ ಎನ್ನುವುದು ಒಂದೇ ನೋಟಕ್ಕೆ ಗೊತ್ತಾಗುತ್ತದೆ ಎಂದುಕೊಂಡಿದ್ದಳು.

ಆ ದಿನ ಬೆಳಿಗ್ಗೆ ಕಂಪನಿಯ ಪುಟದಲ್ಲಿ ಕಾಣಿಸಿದ್ದು ಬೈಗುಳವೇ ಅಲ್ಲ. ಎಂಡಿಯವರ ಪುಟ್ಟ ಮಗಳು ಉಯ್ಯಾಲೆಯ ಹಗ್ಗ ಹಿಡಿದು ನಗುತ್ತಿದ್ದ ಫೋಟೋ. ಕೆಳಗೆ ಬರೆದಿತ್ತು: ‘ಈ ಪುಟ್ಟ ಕೈಗಳು ಎಷ್ಟು ಚೆಂದ ಇವೆ. ಹಾಗೇ ಇರಲಿ ಅಂತ ದೇವರಲ್ಲಿ ಕೇಳ್ಕೊಳ್ಳಿ.’ ಬರೆದವನಿಗೆ ಹೆಸರಿರಲಿಲ್ಲ. ಮುಖ ಇರಬೇಕಾದ ಜಾಗದಲ್ಲಿ ಒಂದು ಹಳೆಯ ಕಬ್ಬಿಣದ ಬೀಗದ ಚಿತ್ರ. ಅದರ ಹಿಂದೆಯೇ ಎಂಡಿಯವರ ಕಾರಿನ ಫೋಟೋ, ಆಮೇಲೆ ಮಗುವಿನ ಶಾಲೆಯ ಚೀಲದ ಫೋಟೋ. ಹದ್ದು ಮೂರನ್ನೂ ಆಗಲೇ ಮೇಲಿನವರಿಗೆ ಕಳಿಸಿದಳು. ಇವನು ಬಾಯಿಬಡುಕನಲ್ಲ.

ಮೀಟಿಂಗಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಚಿಂತೆ. ಪ್ರಚಾರ ವಿಭಾಗದ ಮುಖ್ಯಸ್ಥನಿಗೆ ಹೊಸ ಕೆಟಲ್ ಇದೇ ವಾರ ಮಾರುಕಟ್ಟೆಗೆ ಬರುವ ತಲೆಬಿಸಿ; ವಿಷಯ ಹೊರಗೆ ಹೋಗಬಾರದು ಎಂದು ಅವನು ಮತ್ತೆ ಮತ್ತೆ ಹೇಳಿದ. ಭದ್ರತೆಯ ಮೇಲ್ವಿಚಾರಕ ಹಿಂದೆ ಸೈನ್ಯದಲ್ಲಿದ್ದವನು. ಅವನ ಮೀಸೆ ಕಂಡು ಎಲ್ಲರೂ ಅವನನ್ನು ಮೀಸೆ ಎಂದೇ ಕರೆಯುತ್ತಿದ್ದರು. ಪೊಲೀಸರಿಗೆ ತಿಳಿಸಿದ್ದಾಯಿತು, ಮನೆಯ ಗೇಟಿಗೆ ಒಬ್ಬ ಕಾವಲಿನವನನ್ನು ಹಾಕುತ್ತೇನೆ ಎಂದ ಅವನು. ಎಂಡಿಯವರು ಮಾತ್ರ ಕಂಪನಿಯ ಮಾತೇ ಎತ್ತಲಿಲ್ಲ. ಮಗುವನ್ನು ಶಾಲೆಗೆ ಕಳಿಸಬಹುದೋ ಬೇಡವೋ ಎಂದು ಕೇಳಿ, ನೀರಿನ ಲೋಟವನ್ನು ತಿರುಗಿಸುತ್ತ ಕೂತರು.

ಮುಖ್ಯಸ್ಥ ಹೇಳಿದಂತೆ ಹದ್ದು ಕಂಪನಿಯ ಹೆಸರಿನಲ್ಲಿ ಆ ಬೀಗದವನಿಗೆ ಕಾನೂನು ಕ್ರಮದ ಎಚ್ಚರಿಕೆ ಕಳಿಸಿದಳು. ಆಮೇಲೆ ಆ ಫೋಟೋಗಳ ಬೆನ್ನು ಹತ್ತಿದಳು. ಸ್ವಲ್ಪ ಹೊತ್ತಿಗೆ ಜಾಡು ಸಿಕ್ಕಿತು. ಉಯ್ಯಾಲೆ, ಕಾರು, ಚೀಲ, ಅಷ್ಟೂ ಎಂಡಿಯವರ ತಾಯಿಯ ಪುಟದಿಂದ ಎತ್ತಿಕೊಂಡಂಥವು. ಆಫೀಸಿನವರೆಲ್ಲ ದೊಡ್ಡಮ್ಮ ಎಂದು ಕರೆಯುವ ಆ ಮುದುಕಿ ಮೊಮ್ಮಗಳು ಸೀನಿದರೂ ಫೋಟೋ ತೆಗೆದು ಊರಿಗೆಲ್ಲ ಹಂಚುವವರು. ಹದ್ದಿಗೆ ಅರ್ಧ ಜೀವ ಬಂದ ಹಾಗಾಯಿತು. ಅಂದರೆ ಬೀಗದವನು ಎಲ್ಲೋ ದೂರದಲ್ಲಿ ಕೂತಿದ್ದಾನೆ. ಕ್ಯಾಮೆರಾ ಹಿಡಿದು ಯಾರೂ ಮನೆಯ ಸುತ್ತ ತಿರುಗುತ್ತಿಲ್ಲ.

ದೊಡ್ಡಮ್ಮನಿಗೆ ಬುದ್ಧಿ ಹೇಳುವ ಕೆಲಸ ಅವಳ ತಲೆಗೇ ಬಂತು. ಅವಳು ಹೋದಾಗ ಬಿಳಿಯ ಕಾಂಪೌಂಡಿನ ಪಕ್ಕ ಪೇಂಟರುಗಳು ಬಣ್ಣದ ಡಬ್ಬಿ ಇಳಿಸುತ್ತಿದ್ದರು. ದೊಡ್ಡಮ್ಮ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಅವಳ ಮಾತನ್ನೆಲ್ಲ ಕೇಳಿದರು, ಬೆದರಿಕೆಯನ್ನು ತಾವೇ ಓದಿದರು, ಸ್ವಲ್ಪ ಬಿಳಿಚಿಕೊಂಡರು.

“ಮನೇಲಿ ನಾನು ಮಾತಾಡಿದ್ರೆ ಎಲ್ಲರೂ ಫೋನ್ ನೋಡ್ತಾ ಹೂಂ ಅಂತಾರೆ,” ಎಂದರು. “ಅದಕ್ಕೇ ನಾನೂ ಫೋನೊಳಗೇ ಹೋಗಿ ಮಾತಾಡೋಣ ಅಂದ್ಕೊಂಡೆ. ಇಷ್ಟು ರಾದ್ಧಾಂತ ಆಗುತ್ತೆ ಅಂತ ಯಾರಿಗೆ ಗೊತ್ತಿತ್ತಮ್ಮ?”

ಹದ್ದು ಅವರ ಪುಟವನ್ನು ಮುಚ್ಚಿಸಿ, ಹಳೆಯ ಫೋಟೋಗಳನ್ನು ಒಂದೊಂದಾಗಿ ತೆಗೆಸಿದಳು. ಪ್ರತಿಯೊಂದು ಹೋದಾಗಲೂ ದೊಡ್ಡಮ್ಮ ‘ಅಯ್ಯೋ, ಅದೂನಾ’ ಎಂದು ಗೊಣಗಿದರು. ಮನೆಗೆ ಬಂದ ಮೇಲೂ ಹದ್ದಿನ ಕಣ್ಣು ಫೋನಿನಿಂದ ಏಳಲಿಲ್ಲ. ಅಂಗಡಿಯಲ್ಲಿ ದುಡಿದು ಸುಸ್ತಾಗಿ ಬಂದ ಗಂಡ, ಒಲೆಯ ಮೇಲೆ ಹಾಲಿಟ್ಟವಳ ಹಾಗೆ ಊಟಕ್ಕೆ ಕೂರುತ್ತೀಯಲ್ಲ ಎಂದು ರೇಗಿಸಿದ. ಅವಳಿಗೆ ನಗು ಬರಲಿಲ್ಲ. ಮಗಳು ಆಡಲು ಹೊರಗೆ ಹೋಗುತ್ತೇನೆ ಅಂದಾಗ ಇವತ್ತು ಬೇಡ ಎಂದಳು. ಯಾಕೆ ಎಂದು ಮಗಳು ಕೇಳಿದ್ದಕ್ಕೆ ಎದ್ದು ಬಾಗಿಲಿನ ಚಿಲಕ ಹಾಕಿದಳು.

ಮರುದಿನ ಮಧ್ಯಾಹ್ನ ಬೀಗದವನು ಮತ್ತೆ ಕಾಣಿಸಿದ. ಈ ಸಲ ಒಂದು ಗೇಟಿನ ಫೋಟೋ, ಮಾತಿಲ್ಲ. ಹದ್ದು ಮೊದಲು ಅದು ದೊಡ್ಡಮ್ಮನ ಯಾವ ಹಳೆಯ ಫೋಟೋ ಎಂದು ನೆನಪಿಸಿಕೊಳ್ಳಲು ಯತ್ನಿಸಿದಳು. ಆಮೇಲೆ ಗೋಡೆಯನ್ನು ನೋಡಿದಳು. ನಿನ್ನೆ ಪೂರ್ತಿ ಬಿಳಿಯಿದ್ದ ಗೋಡೆ ಅರ್ಧ ಹಸಿರಾಗಿತ್ತು. ಈ ಫೋಟೋ ಯಾರ ಪುಟದಿಂದಲೂ ಬಂದದ್ದಲ್ಲ. ಅವನು ಅಲ್ಲೇ ನಿಂತಿದ್ದಾನೆ.

ಮನೆಗೆ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಕಾವಲಿನವನು ಎತ್ತಿದ, ಆದರೆ ಅವನಿದ್ದದ್ದು ಔಷಧಿ ಅಂಗಡಿಯಲ್ಲಿ. ದೊಡ್ಡಮ್ಮನೇ ಮಾತ್ರೆ ತರಲು ಕಳಿಸಿದ್ದರಂತೆ. ಮೀಸೆಯ ಬಾಯಿಂದ ಬರಬಾರದ ಮಾತು ಬಂತು. ಎಂಡಿಯವರು ಶಾಲೆಯ ಕಡೆ ಓಡಿದರು. ಪೊಲೀಸರಿಗೆ ಹೇಳಿ ಹದ್ದು ಮತ್ತು ಮೀಸೆ ಮನೆಯ ಕಡೆ ಹೊರಟರು.

ದಾರಿಯಲ್ಲಿ ಸಿಗ್ನಲ್ಲಿಗೊಂದು ಸಲ ಕಾರು ನಿಲ್ಲುತ್ತಿತ್ತು. ಸುಮ್ಮನೆ ಕೂರಲಾಗದೆ ಹದ್ದು ಮರೆಮಾಡಿದ ಮಾತುಗಳ ರಾಶಿಯಲ್ಲಿ ಬೀಗದ ಚಿತ್ರ ಹುಡುಕಿದಳು. ಸಿಕ್ಕಿತು, ಒಂದಲ್ಲ, ಹಲವು. ಎಲ್ಲಕ್ಕಿಂತ ಹಳೆಯದರಲ್ಲಿ ಹೀಗಿತ್ತು: ‘ನಮಸ್ಕಾರ. ನಿಮ್ಮ ಕೆಟಲಿನ ಮುಚ್ಚಳ ಹಾರಿ ನನ್ನ ಹೆಂಡತಿಯ ಬಲಗೈ ಸುಟ್ಟಿದೆ. ಅವಳು ಬಟ್ಟೆ ಹೊಲಿಯುವವಳು. ಯಾರ ಹತ್ತಿರ ಮಾತಾಡಬೇಕು, ದಯವಿಟ್ಟು ತಿಳಿಸಿ.’ ಅದರ ನಂತರದ್ದೂ ಹೀಗೇ, ನಮಸ್ಕಾರದಿಂದ ಶುರುವಾಗಿ ದಯವಿಟ್ಟು ಎಂದು ಮುಗಿಯುವಂಥದ್ದು. ಬರಬರುತ್ತ ನಮಸ್ಕಾರ ಬಿಟ್ಟುಹೋಗಿತ್ತು. ಆಮೇಲೆ ದಯವಿಟ್ಟು ಕೂಡ. ಒಂದೊಂದರ ಪಕ್ಕದಲ್ಲೂ ಅದನ್ನು ಮರೆಮಾಡಿದವರ ಗುರುತಿತ್ತು, ಅವಳದೇ ಗುರುತು. ಓದಿದ ನೆನಪು ಅವಳಿಗೆ ಒಂದಿಷ್ಟೂ ಇರಲಿಲ್ಲ. ಹಾಗೆ ಮರೆಮಾಡುವುದು ಅವಳಿಗೆ ನೊಣ ಓಡಿಸಿದಷ್ಟೇ ಸಲೀಸಾಗಿತ್ತು. ಪಕ್ಕದಲ್ಲಿದ್ದ ಮೀಸೆಗೆ ತೋರಿಸೋಣ ಎಂದುಕೊಂಡವಳು ಫೋನನ್ನು ಮಡಿಲಲ್ಲಿ ಮಗುಚಿಟ್ಟಳು.

ಗೇಟು ತೆರೆದಿತ್ತು. ಜಗಲಿಯ ಮೇಲೆ ದೊಡ್ಡಮ್ಮ ಕುರ್ಚಿಯಲ್ಲಿ ಕೂತಿದ್ದರು. ಎದುರು ಕುರ್ಚಿಯ ತುದಿಯಲ್ಲಿ ಸಣಕಲು ಮನುಷ್ಯನೊಬ್ಬ, ತೊಡೆಯ ಮೇಲೆ ಬಟ್ಟೆಯ ಚೀಲವಿಟ್ಟುಕೊಂಡು, ಅದರೊಳಗೆ ಕೈ ಹಾಕಿದ್ದ. ಮೀಸೆ ಎರಡೇ ನೆಗೆತಕ್ಕೆ ಮೆಟ್ಟಿಲೇರಿ ಅವನ ಕೈ ತಿರುಚಿದ. ಚೀಲ ಕೆಳಗೆ ಬಿತ್ತು. ಹದ್ದು ಕಣ್ಣು ಮುಚ್ಚಿಕೊಂಡಳು. ಖಣ್ ಎಂದು ಸದ್ದಾಗಿ ಏನೋ ಉರುಳಿತು. ಕಣ್ಣು ಬಿಟ್ಟು ನೋಡಿದರೆ ಕೆಟಲ್. ಮುಚ್ಚಳ ಬೇರೆಯಾಗಿ ಕಂಬದವರೆಗೆ ಹೋಗಿತ್ತು.

“ಬಿಡಪ್ಪ ಅವನನ್ನ,” ಎಂದರು ದೊಡ್ಡಮ್ಮ. ಕುರ್ಚಿಯಿಂದ ಏಳಲಿಲ್ಲ. “ಬೀಗದವನು ಬೀಗದವನು ಅಂತ ನೀವೆಲ್ಲ ಹೆದರಿಸಿದ್ರಿ. ಇವನು ನೋಡಿದ್ರೆ ಬೀಗರ ಮನೆಗೆ ಬಂದವನ ಹಾಗೆ ಕುರ್ಚಿ ತುದೀಲಿ ಕೂತಿದಾನೆ. ನೀರು ಕೊಟ್ರೆ ಅದೂ ಕುಡೀಲಿಲ್ಲ.”

ಅವನು ಬೀಗ ರಿಪೇರಿ ಮಾಡುವವನು. ಕಂಪನಿಯ ಬಾಗಿಲಿಗೂ ಹೋಗಿದ್ದನಂತೆ. ಕಾವಲಿನವರು ಒಳಗೆ ಬಿಡಲಿಲ್ಲ. ಕೆಟಲ್ ಕೊಂಡ ಅಂಗಡಿಯವರು ಕಂಪನಿಗೆ ಬರೆಯಿರಿ ಎಂದರಂತೆ. ಇವತ್ತು ದೊಡ್ಡಮ್ಮನ ಫೋಟೋಗಳ ಗುರುತು ಹಿಡಿದು ಬಂದು, ಗೇಟಿನ ಮುಂದೆ ನಿಂತು ಬೆಲ್ ಒತ್ತಲೋ ಬೇಡವೋ ಎಂದು ಧೈರ್ಯ ಸಾಲದೆ ಫೋಟೋ ತೆಗೆದು ಹಾಕಿದ್ದ. ಅದನ್ನು ನೋಡಿ ಯಾರಾದರೂ ಹೊರಗೆ ಬಂದಾರು ಎಂದುಕೊಂಡಿದ್ದನಂತೆ. ಕೊನೆಗೆ ಬೆಲ್ ಒತ್ತಿದಾಗ ಬಂದವರು ದೊಡ್ಡಮ್ಮ.

“ತಿಂಗಳುಗಟ್ಟಲೆ ಮರ್ಯಾದೆಯಿಂದ ಬರೆದೆ,” ಎಂದ ಅವನು, ಯಾರ ಮುಖವನ್ನೂ ನೋಡದೆ. “ಒಬ್ಬರೂ ಏನಪ್ಪಾ ಅಂತ ಕೇಳಲಿಲ್ಲ. ಮಗು ಕೈ ಅಂತ ಒಂದು ಮಾತು ಹಾಕಿದೆ, ಹಿಂದೇನೇ ಎಚ್ಚರಿಕೆ ಬಂತು. ಆಗ ಗೊತ್ತಾಯ್ತು, ಓದೋರು ಇದ್ದಾರೆ ಅಂತ.”

“ಓದ್ತಿದ್ದೋಳು ನಾನೇ,” ಎಂದಳು ಹದ್ದು. ಮೀಸೆ ತಿರುಗಿ ನೋಡಿದ. ಬೀಗದವನು ಮಾತ್ರ ನೋಡಲಿಲ್ಲ.

ಅಷ್ಟರಲ್ಲಿ ಪೊಲೀಸರು ಬಂದರು, ಮಗುವನ್ನು ಎತ್ತಿಕೊಂಡು ಎಂಡಿಯವರೂ ಬಂದರು. ಬೀಗದವನನ್ನು ಕಂಡದ್ದೇ ಅವರ ಮುಖ ಕೆಂಪಾಯಿತು. ಇವನ ಮೇಲೆ ಕೇಸು ಹಾಕದೆ ಬಿಡುವುದಿಲ್ಲ ಎಂದರು. ದೊಡ್ಡಮ್ಮ ಅಡ್ಡ ಬರಲಿಲ್ಲ.

“ಮಗುವಿನ ಕೈಯ ಮಾತೆತ್ತಿದ್ದು ತಪ್ಪು. ಅದಕ್ಕೆ ಅನುಭವಿಸಲಿ,” ಎಂದರು. “ಆದ್ರೆ ಅವನ ಹೆಂಡತಿ ಕೈಗೆ ಯಾರ ಮೇಲೆ ಕೇಸು ಹಾಕ್ತೀಯ, ಅದನ್ನೂ ಹೇಳು.”

ಎಂಡಿಯವರು ಮಗುವಿನೊಂದಿಗೆ ಒಳಗೆ ಹೋದರು. ಬೀಗದವನು ಪೊಲೀಸರ ಜೀಪು ಹತ್ತಿದ. ಹತ್ತುವ ಮೊದಲು ಕೆಟಲ್ ಅಲ್ಲೇ ಇರಲಿ ಎಂದು ಕೇಳಿಕೊಂಡ.

ಸಂಜೆಯ ಹೊತ್ತಿಗೆ ಮುಖ್ಯಸ್ಥನ ಮುಖ ಅರಳಿತ್ತು. ಜಗಲಿಯ ಕ್ಯಾಮೆರಾದಲ್ಲಿ ದೊಡ್ಡಮ್ಮ ಆ ಮನುಷ್ಯನಿಗೆ ನೀರು ಕೊಡುತ್ತಿರುವ ದೃಶ್ಯ ಸಿಕ್ಕಿತ್ತು. ಅಷ್ಟನ್ನೇ ಕತ್ತರಿಸಿ ಹಾಕಿದರೆ ಕಂಪನಿಯ ಹೆಸರು ಬಂಗಾರವಾಗುತ್ತದೆ ಎಂದ. ಹಾಕುವ ಕೆಲಸ ಹದ್ದಿನದೇ. ಅವಳು ಲ್ಯಾಪ್‌ಟಾಪ್ ಎತ್ತಿಕೊಂಡು ಎಂಡಿಯವರ ಕೋಣೆಗೆ ಹೋದಳು. ಕೆಲಸ ಹೋದರೆ ಗಂಡನಿಗೆ ಏನು ಹೇಳುವುದು ಎಂಬುದೊಂದೇ ತಲೆಯಲ್ಲಿ ಗಿರಕಿ ಹೊಡೆಯುತ್ತಿತ್ತು. ಮರೆಮಾಡಿದ ಮಾತುಗಳನ್ನು ತೆರೆದು ಅವರ ಮುಂದಿಟ್ಟಳು. ಆಫೀಸಿಗೆ ವಾಪಸು ಬರುವಾಗಲೇ ‘ಮುಚ್ಚಳ’ ಎಂಬ ಪದ ಹಾಕಿ ಹುಡುಕಿದ್ದಳು. ಬೀಗದವನೊಬ್ಬನೇ ಅಲ್ಲ, ಬೇರೆಯವರೂ ಇದ್ದರು. ಯಾರದೋ ಮೊಣಕೈ, ಯಾರದೋ ತಾಯಿಯ ಪಾದ.

ಎಂಡಿಯವರು ಓದಿದರು. ಕೆಳಗಿನಿಂದ ಮೇಲಕ್ಕೆ ಮತ್ತೊಮ್ಮೆ ಓದಿದರು. “ಇದನ್ನ ನನಗೆ ಯಾಕೆ ತೋರಿಸಲಿಲ್ಲ?” ಎಂದು ಕೇಳಿದರು.

“ಬೆದರಿಕೆ ಮಾತ್ರ ತೋರಿಸ್ಬೇಕು ಅಂತ ಇತ್ತು ಸರ್. ಇವು ಬೆದರಿಕೆ ಆಗಿರಲಿಲ್ಲ.”

ಆ ವೀಡಿಯೊ ಹೊರಗೆ ಹೋಗಲಿಲ್ಲ. ಹೊಸ ಕೆಟಲಿನ ಬಿಡುಗಡೆ ನಿಂತಿತು, ಹಳೆಯದನ್ನು ಅಂಗಡಿಗಳಿಂದ ಹಿಂದಕ್ಕೆ ತರಿಸಿದರು. ಸುದ್ದಿ ಪತ್ರಿಕೆಗೆ ಬಂದು ಕಂಪನಿಯ ಹೆಸರಿಗೆ ಚೆನ್ನಾಗಿಯೇ ಮಸಿ ಬಳಿಯಿತು. ಮುಖ್ಯಸ್ಥ ಹದ್ದಿನ ಜೊತೆ ಮಾತು ಬಿಟ್ಟ. ಎಂಡಿಯವರು ಕೇಸಿನ ಹಟ ಬಿಟ್ಟರು, ಪೊಲೀಸರು ಬೀಗದವನಿಂದ ಮುಚ್ಚಳಿಕೆ ಬರೆಸಿಕೊಂಡು ಕಳಿಸಿದರು. ಅವನ ಹೆಂಡತಿಯ ಆಸ್ಪತ್ರೆಯ ಖರ್ಚು ಕಂಪನಿ ಹೊತ್ತಿತು. ಆದರೆ ಆ ಬೆರಳುಗಳು ಮೊದಲಿನ ಹಾಗೆ ಸೂಜಿ ಹಿಡಿಯುವುದಿಲ್ಲವಂತೆ. ದೊಡ್ಡಮ್ಮ ಹೋಗಿ ನೋಡಿಕೊಂಡು ಬಂದು ಹಾಗೆ ಹೇಳಿದರು. ಎಂಡಿಯವರ ಮನೆಯ ಗೇಟಿನಿಂದ ಕಾವಲಿನವನನ್ನು ತೆಗೆಯಲಿಲ್ಲ. ಮಗಳನ್ನು ಆಡಲು ಬಿಡುವಾಗ ಹದ್ದು ಈಗಲೂ ಬಾಗಿಲಲ್ಲೇ ನಿಲ್ಲುತ್ತಾಳೆ.

ಮುಂದಿನ ವಾರ ಅವಳಿಗೆ ಒಂದು ಸಣ್ಣ ಕೋಣೆ ಮತ್ತು ಒಂದು ಫೋನ್ ಕೊಟ್ಟರು. ಯಾರ ಯಾರ ಮಾತನ್ನು ಮರೆಮಾಡಿದ್ದಳೋ ಅವರಿಗೆಲ್ಲ ಫೋನ್ ಮಾಡಿ ಮಾತಾಡಬೇಕು, ಎಂಡಿಯವರ ಅಪ್ಪಣೆ. ಇದು ಬಡ್ತಿಯೋ ಶಿಕ್ಷೆಯೋ ಅವಳಿಗೆ ತಿಳಿಯಲಿಲ್ಲ. ತಾಯಿಯ ಪಾದ ಸುಟ್ಟಿತೆಂದು ಬರೆದಿದ್ದವಳ ನಂಬರನ್ನು ಮೊದಲು ಒತ್ತಿದಳು. ಆ ಕಡೆ ಫೋನ್ ಎತ್ತಿದ ಹೆಂಗಸು, ಕಂಪನಿಯ ಹೆಸರನ್ನು ಎರಡೆರಡು ಸಲ ಹೇಳಿಸಿದಳು.

“ಈಗ ನೆನಪಾಯ್ತಾ ನಿಮಗೆ?” ಎಂದಳು ಕೊನೆಗೆ. ಆಮೇಲೆ ಬೈಯತೊಡಗಿದಳು. ಹದ್ದು ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು, ಫೋನ್ ಕಿವಿಗೆ ಒತ್ತಿ ಹಿಡಿದು, ಕೇಳುತ್ತ ಕೂತಳು.