ಒಂಬತ್ತು ದಿನದ ಬುತ್ತಿ

ನೂರಿಪ್ಪತ್ತು ಜನಕ್ಕೆ ಎಷ್ಟು ಹಿಟ್ಟು ಕಲಸಬೇಕೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ಹತ್ತೊಂಬತ್ತು ವರ್ಷ ಸೌಟು ಹಿಡಿದ ಕೈ ಇದು. ಆದರೆ ನನ್ನ ಮಗಳೊಬ್ಬಳಿಗೆ ಒಂಬತ್ತು ದಿನಕ್ಕೆ ಎಷ್ಟು ಬೇಕೆಂಬುದು ಮಾತ್ರ ತಲೆಗೆ ಹತ್ತಲಿಲ್ಲ.

ಬೆಟ್ಟದ ದಾರಿ, ಒಂಬತ್ತು ದಿನದ ನಡಿಗೆ, ನಡುವೆ ಒಂದು ಅಂಗಡಿಯೂ ಇಲ್ಲ. ಮೇಜಿನ ಮೇಲೆ ಪುಟ್ಟ ತೂಕದ ಯಂತ್ರ ಇಟ್ಟುಕೊಂಡು ಒಂಬತ್ತು ಪೊಟ್ಟಣ ಕಟ್ಟಿದ್ದಳು ಮಹಾರಾಯ್ತಿ. ಓಟ್ಸ್ ಪುಡಿ, ಕಡಲೆಕಾಯಿ ಬೀಜ, ಒಣದ್ರಾಕ್ಷಿ ಸೇರಿ ದಿನಕ್ಕೆ ಆರುನೂರು ಗ್ರಾಂ. ಜೊತೆಯವರೂ ಹೆಚ್ಚುಕಮ್ಮಿ ಅಷ್ಟೇ ಒಯ್ಯುತ್ತಾರಂತೆ, ಜಾಸ್ತಿಯಾದರೆ ಬೆನ್ನು ಮುರಿಯುತ್ತದಂತೆ. ನನ್ನ ಕಣ್ಣಿಗೆ ಅದು ಕ್ಯಾಂಟೀನಿನ ಬೆಕ್ಕಿಗೂ ಸಾಲದು ಅನ್ನಿಸಿತು.

ಸುಮ್ಮಸುಮ್ಮನೆ ಅನ್ನಿಸಿದ್ದಲ್ಲ. ಮೂರು ವರ್ಷದ ಹಿಂದೆ ಇವಳು ಊಟ ಬಿಟ್ಟು, ಎಲುಬು ಎಣಿಸುವ ಹಾಗಾಗಿ, ಏಳು ವಾರ ಆಸ್ಪತ್ರೆಯಲ್ಲಿದ್ದಳು. ಮನೆಗೆ ಬಂದ ಮೇಲೆ ಅವಳ ಗಂಜಿಗೆ ನಾನು ಕದ್ದು ಬೆಣ್ಣೆ ಬೆರೆಸುತ್ತಿದ್ದೆ. ಗೊತ್ತಾದ ದಿನದಿಂದ ನಾನು ಮಾಡಿದ್ದನ್ನು ಮುಟ್ಟಲೇ ಇಲ್ಲ. ಇನ್ನೆಂದೂ ಹಾಗೆ ಮಾಡುವುದಿಲ್ಲ ಎಂದು ಡಾಕ್ಟರಮ್ಮನ ಮುಂದೆ ಮಾತು ಕೊಟ್ಟ ಮೇಲೆಯೇ ಮತ್ತೆ ನನ್ನ ಕೈಯಡುಗೆ ತಿಂದದ್ದು.

ಆದರೂ ಅವಳು ಸ್ನಾನಕ್ಕೆ ಹೋದಾಗ ನನ್ನ ಹಾಳು ಕೈ ಸುಮ್ಮನಿರಲಿಲ್ಲ. ಒಂದೊಂದೇ ಪೊಟ್ಟಣ ಬಿಚ್ಚಿ, ಎರಡೆರಡು ಹಿಡಿ ಹಾಲಿನ ಪುಡಿ ಬೆರೆಸಿ, ಮೊದಲಿನ ಹಾಗೇ ಕಟ್ಟಿದೆ. ನಾಲ್ಕು ಮುಗಿಯುವಷ್ಟರಲ್ಲಿ ನಲ್ಲಿಯ ಸದ್ದು ನಿಂತಿತು. ಕೈ ಒರೆಸಿಕೊಂಡು ಪಾತ್ರೆ ತೊಳೆಯಲು ನಿಂತೆ.

ಬಂದವಳೇ ಪೊಟ್ಟಣಗಳನ್ನು ಮತ್ತೊಮ್ಮೆ ತೂಕಕ್ಕಿಟ್ಟಳು. ಮೊದಲನೆಯದು ಏಳುನೂರು ತೋರಿಸಿತು. ಎರಡನೆಯದೂ ಅಷ್ಟೆ.

"ಅಮ್ಮ, ಯಾವ್ಯಾವುದಕ್ಕೆ ಹಾಕಿದೀಯ?"

ನಾಲ್ಕಕ್ಕೇ ಎಂದೆ, ದೇವರಾಣೆಗೂ ಬರೀ ಹಾಲಿನ ಪುಡಿ ಎಂದೆ. ತಪ್ಪು ನನ್ನದೇ, ಪಿತ್ತ ನೆತ್ತಿಗೇರಿದ್ದೂ ನನಗೇ. ಹೆತ್ತ ಕರುಳು ಕಣೇ, ವಿಷವೇನೂ ಬೆರೆಸಿಲ್ಲವಲ್ಲ ಎಂದು ಕೂಗಾಡಿದೆ. ಅವಳು ಕೂಗಲಿಲ್ಲ.

"ಡಾಕ್ಟರು ಹೇಳಿದ್ದಕ್ಕಿಂತ ನೂರು ಗ್ರಾಂ ಜಾಸ್ತೀನೇ ಹಾಕ್ಕೊಂಡಿದ್ದೆ ಅಮ್ಮ. ನಾನಾಗೇ."

ನನಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಅವಳು ಒಂಬತ್ತೂ ಪೊಟ್ಟಣ ಬಿಚ್ಚಿ ದೊಡ್ಡ ಡಬ್ಬಕ್ಕೆ ಸುರಿದಳು, ನಾನು ಮುಟ್ಟದ ಐದನ್ನೂ. ಬಸ್ ಹತ್ತುವ ಮೊದಲು ಅಂಗಡಿಯಲ್ಲಿ ಕೊಂಡುಕೊಳ್ಳುತ್ತಾಳಂತೆ. ಎಷ್ಟು ಕೊಳ್ಳುತ್ತೀಯ ಎಂದು ಕೇಳಿದೆ. ಅವಳು ಬಟ್ಟೆ ಮಾತ್ರ ಇದ್ದ ಚೀಲವನ್ನು ಒಂದೇ ಕೈಯಲ್ಲಿ ಎತ್ತಿಕೊಂಡು ಮೆಟ್ಟಿಲಿಳಿದಳು.