ತಿರುಗಾಮುರುಗಾ ಕೂತ ಚಿಪ್

ಸುಟ್ಟ ವಾಸನೆ ಮೂಗಿಗೆ ಬಡಿದದ್ದೇ ಕಮಲಾಕ್ಷ ಸ್ವಿಚ್ ಆರಿಸಿದ. ಮೇಜಿನ ಮೇಲಿದ್ದ ಹಸಿರು ಬೋರ್ಡಿನ ನಡುವೆ ಕೂತ ನಲವತ್ತು ಕಾಲಿನ ಕರಿಯ ಚಿಪ್ಪಿನ ಮೇಲೆ ಬೆರಳಿಟ್ಟವನು ಚುರ್ರೆಂದು ಹಿಂದೆಗೆದ. ಆಗ ಕಣ್ಣಿಗೆ ಬಿತ್ತು: ಚಿಪ್ಪಿನ ತುದಿಯ ಅರ್ಧಚಂದ್ರದ ಗುರುತು ಕಿಟಕಿಯ ಕಡೆಗಿರುವ ಬದಲು ಗೋಡೆಯ ಕಡೆಗಿತ್ತು. ಅವನು ಅದನ್ನು ತಿರುಗಾಮುರುಗಾ ಕೂರಿಸಿದ್ದ.

ಅಡುಗೆಮನೆಯಲ್ಲಿ ತ್ರಿಪುರಸುಂದರಿ ಟೀಚರ್ ಕಾಫಿ ಸೋಸುತ್ತಿದ್ದರು. "ಕಮಲಾಕ್ಷಣ್ಣ, ನಾನು ಬರುವವರೆಗೆ ಕರೆಂಟ್ ಕೊಡ್ಬೇಡಿ ಆಯ್ತಾ" ಎಂದು ಹೇಳಿಯೇ ಒಳಗೆ ಹೋಗಿದ್ದರು. ಮೂಡುಬಿದಿರೆ ಪೇಟೆಯಲ್ಲಿ ಇಪ್ಪತ್ತೆರಡು ವರ್ಷ ರೇಡಿಯೋ ರಿಪೇರಿ ಮಾಡಿದವನಿಗೆ ಅಷ್ಟು ಹೊತ್ತು ಕಾಯುವ ತಾಳ್ಮೆ ಇರಲಿಲ್ಲ. ಈಗ ಗಡಿಬಿಡಿಯಲ್ಲಿ ಸ್ಕ್ರೂಡ್ರೈವರಿನ ತುದಿಯಿಂದ ಚಿಪ್ಪನ್ನು ಎಬ್ಬಿಸಿ, ಸರಿ ದಿಕ್ಕಿಗೆ ತಿರುಗಿಸಿ ಒತ್ತಿದ. ವಾಸನೆ ಹೋಗಲೆಂದು ಕಿಟಕಿ ತೆರೆದ.

ಟೀಚರ್ ಬಂದು ಸ್ವಿಚ್ ಹಾಕಿದರು. ಬೋರ್ಡಿಗೆ ಜೋಡಿಸಿದ್ದ ಟಿವಿಯಲ್ಲಿ ಬರೀ ಬಿಳಿ ಚುಕ್ಕೆಗಳು.

"ಇದೆಂತ? ಎಲ್ಲ ಸರಿ ಉಂಟಲ್ಲ?"

"ಚಿಪ್ಪೇ ಹಾಳು ಬಂದದ್ದಾಗಿರ್ಬೇಕು ಟೀಚರೇ" ಎಂದ ಕಮಲಾಕ್ಷ. ಬೊಬ್ಬೆ ಎದ್ದ ಬೆರಳನ್ನು ಅಂಗೈಯೊಳಗೆ ಮಡಚಿಕೊಂಡಿದ್ದ.

ಅದು ಎಂಬತ್ತೇಳನೇ ಇಸವಿ. ಗಣಿತದ ಟೀಚರ್ ಮೈಸೂರಿನ ತರಬೇತಿಯೊಂದರಲ್ಲಿ ಕಂಪ್ಯೂಟರನ್ನು ಎರಡು ದಿನ ನೋಡಿ ಬಂದವರು, ಎರಡು ವರ್ಷದಿಂದ ಮನೆಯಲ್ಲೇ ಒಂದನ್ನು ಕಟ್ಟುತ್ತಿದ್ದರು. ಬೋರ್ಡಿನ ನಕ್ಷೆ ಪತ್ರಿಕೆಯೊಂದರದ್ದು. ಆದರೆ ಪರದೆಯ ಮೇಲೆ ಕನ್ನಡ ಅಕ್ಷರ ಬರಬೇಕೆಂದು ಅದರ ಒಂದು ಭಾಗವನ್ನು ತಾವೇ ಬದಲಿಸಿದ್ದರು. ಬೆಸುಗೆ ಹಾಕುವ ಕೆಲಸ ಕಮಲಾಕ್ಷನದ್ದು. ಇದು ನಡೆದರೆ ಶಾಲೆಯಲ್ಲಿ ಒಂದು ಕೋಣೆ ಬಿಟ್ಟುಕೊಡುತ್ತೇನೆ, ಹುಡುಗಿಯರಿಗೆ ಕಲಿಸಿ ಎಂದು ಹೆಡ್ಮಾಸ್ಟರು ಮಾತು ಕೊಟ್ಟಿದ್ದರು.

ಚಿಪ್ಪನ್ನು ಟೀಚರ್ ಬೊಂಬಾಯಿಯ ಅಂಗಡಿಗೆ ವಾಪಸು ಕಳಿಸಿದರು. ಆಮೇಲೆ ಕಮಲಾಕ್ಷನಿಗೆ ಕೂತಲ್ಲಿ ಕೂರಲಾಗಲಿಲ್ಲ. ಒಂದು ರೇಡಿಯೋ ಬಿಚ್ಚಿ ಅರ್ಧಕ್ಕೇ ಬಿಟ್ಟು ಇನ್ನೊಂದನ್ನು ಬಿಚ್ಚುವನು. ಪೋಸ್ಟ್‌ಮ್ಯಾನ್ ಸೈಕಲ್ ಕಂಡರೆ ಅಂಗಡಿಯಿಂದ ಇಳಿದು ಬೀದಿಗೆ ಬರುವನು. "ಎಂತ ನಿಮಗೆ, ಊಟದ ಮಧ್ಯೆ ಎದ್ದು ಹೋಗುವಂಥದ್ದು?" ಎಂದು ಹೆಂಡತಿ ಪ್ರೇಮಾವತಿ ಕೇಳಿದರೆ, ಹೊಟ್ಟೆ ಸರಿ ಇಲ್ಲ ಎಂದು ರೇಗಿದ.

ಒಂದು ತಿಂಗಳಿಗೆ ಟೀಚರೇ ಅಂಗಡಿಗೆ ಬಂದರು. ಕೈಯಲ್ಲಿ ಬೊಂಬಾಯಿಯ ಕಾಗದವಿತ್ತು.

"ಕಳಿಸುವಾಗ ಪರೀಕ್ಷೆ ಮಾಡಿಯೇ ಕಳಿಸಿದ್ದಂತೆ. ಇಲ್ಲಿ ಕರೆಂಟ್ ತಪ್ಪು ಕಡೆ ಹರಿದು ಸುಟ್ಟದ್ದಂತೆ. ನನಗೆ ಮೊದಲಿಂದ್ಲೂ ಸಂಶಯ ಇತ್ತು, ನಾನು ಬದಲಿಸಿದ್ದೇ ತಪ್ಪು ಕಮಲಾಕ್ಷಣ್ಣ. ಪತ್ರಿಕೆಯಲ್ಲಿ ಇದ್ದ ಹಾಗೆ ಮಾಡ್ಬೇಕಿತ್ತು. ನಾನೆಂತ ಇಂಜಿನಿಯರಾ? ಆಗುವುದಿಲ್ಲ ಅಂತ ಹೆಡ್ಮಾಸ್ಟ್ರಿಗೆ ಹೇಳಿ ಆಯ್ತು." ಕಾಗದ ಮಡಚುತ್ತಾ, "ಎಲ್ಲ ಬಿಚ್ಚಿ ಇಡ್ತೇನೆ. ನಿಮಗೆ ರೇಡಿಯೋಕ್ಕಾದ್ರೂ ಆಗ್ತದೆ, ನಾಳೆ ಬಂದು ತಗೊಂಡು ಹೋಗಿ" ಎಂದರು.

"ಆಯ್ತು" ಎಂದ ಕಮಲಾಕ್ಷ.

ಮರುದಿನ ಬೆಳಿಗ್ಗೆ ಆಂಪ್ಲಿಫೈಯರ್ ರಿಪೇರಿಗೆಂದು ಶಿರ್ತಾಡಿಯ ಬಸ್ಸು ಹತ್ತಿದ. ಕಿಟಕಿಯ ಬದಿ ಕೂತ, ಎದ್ದು ಹಿಂದೆ ಹೋಗಿ ನಿಂತ, ಮತ್ತೆ ಬಂದು ಕೂತ. ಪೇಟೆ ದಾಟಿ ಎರಡನೇ ಸ್ಟಾಪಿನಲ್ಲಿ ಚೀಲ ಎತ್ತಿಕೊಂಡು ಇಳಿದುಬಿಟ್ಟ. "ಟಿಕೆಟ್ ಶಿರ್ತಾಡಿಗಲ್ವಾ ಮಾರಾಯ್ರೆ?" ಎಂದು ಕಂಡಕ್ಟರ್ ಕೂಗಿದ್ದು ಕೇಳಿಸಿದರೂ ತಿರುಗಿ ನೋಡಲಿಲ್ಲ. ಬಿಸಿಲಿನಲ್ಲಿ ದಾಪುಗಾಲು ಹಾಕಿ ಟೀಚರ ಮನೆ ತಲುಪುವಾಗ ಅಂಗಿ ಬೆನ್ನಿಗೆ ಅಂಟಿತ್ತು.

ಟೀಚರ್ ಬೋರ್ಡಿನ ಮೊದಲ ಸ್ಕ್ರೂ ಬಿಚ್ಚುತ್ತಿದ್ದರು.

"ಬಿಚ್ಬೇಡಿ. ಚಿಪ್ ಸುಟ್ಟದ್ದು ನಾನು. ತಿರುಗಾಮುರುಗಾ ಕೂರಿಸಿ ಕರೆಂಟ್ ಕೊಟ್ಟೆ. ನೀವು ಕಾಫಿ ತರುವಷ್ಟರಲ್ಲಿ ಸರಿ ಮಾಡಿಟ್ಟೆ."

ಟೀಚರ್ ಸ್ಕ್ರೂಡ್ರೈವರ್ ಕೆಳಗಿಟ್ಟರು. "ಗುರುತು ಯಾವ ಕಡೆ ಇತ್ತು?"

"ಗೋಡೆ ಕಡೆ."

"ಸರಿಯಾಗಿ ನೆನಪುಂಟಾ?"

"ಉಂಟು."

ಅವರ ಮುಖ ಕೆಂಪೇರಿತು. "ಒಂದು ತಿಂಗಳು ನಾನು ನನ್ನ ತಲೆಯನ್ನೇ ನಂಬ್ಲಿಲ್ಲ, ಗೊತ್ತುಂಟಾ ನಿಮಗೆ? ಏಳನೇ ಕ್ಲಾಸಿನ ಭಿನ್ನರಾಶಿ ಬರೆದು, ಮಕ್ಕಳ ಎದುರಲ್ಲಿ ಅಳಿಸಿ ಇನ್ನೊಮ್ಮೆ ಬರ್ದಿದ್ದೇನೆ. ಸರಿ ಇದ್ದದ್ದನ್ನೇ!"

ಕಮಲಾಕ್ಷ ತಲೆ ತಗ್ಗಿಸಿ ನಿಂತ. "ಬೆಂಗಳೂರಿಗೆ ಹೋಗಿ ಬೇರೆ ತರ್ತೇನೆ ಟೀಚರೇ."

"ತನ್ನಿ" ಎಂದರು. "ಕೂರಿಸುವುದು ನಾನು."

ಅವನು ಹೋದ ಮೇಲೆ ಬಿಚ್ಚಿದ್ದ ಸ್ಕ್ರೂವನ್ನು ಮತ್ತೆ ಬಿಗಿಮಾಡಿದರು.

ಎರಡು ವಾರ ಕಳೆದ ಮೇಲೆ ಒಂದು ಭಾನುವಾರ ಕಮಲಾಕ್ಷ ಚಿಪ್ ತಂದು ಮೇಜಿನ ಮೇಲಿಟ್ಟು, ಹೊಸ್ತಿಲ ಬಳಿ ಹೋಗಿ ನಿಂತ. ಒಳಗೆ ಬನ್ನಿ ಎಂದು ಟೀಚರ್ ಕರೆಯಲಿಲ್ಲ. ಚಿಪ್ಪನ್ನು ಬೆಳಕಿಗೆ ಹಿಡಿದು ಗುರುತು ನೋಡಿ, ಎರಡು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ, ಸ್ವಿಚ್ ಹಾಕಿದರು. ಚುಕ್ಕೆಗಳು ಹರಿದಾಡಿದವು, ಕದಡಿದವು, ಒಂದೆಡೆ ಸೇರಿದವು. ಪರದೆಯ ಎಡ ಮೂಲೆಯಲ್ಲಿ, ಬಾಲ ತುಸು ತುಂಡಾದ ಒಂದು 'ಅ' ನಿಂತಿತು.

ರಸ್ತೆಯಲ್ಲಿ ಮರದ ದಿಮ್ಮಿ ಹೊತ್ತ ಲಾರಿಯೊಂದು ಹೋಯಿತು. ನೆಲ ಅದುರಿ, ಮೇಜು ಅದುರಿ, ಅಕ್ಷರ ನಡುಗತೊಡಗಿತು. ಕಮಲಾಕ್ಷ ಒಳಗೆ ಬಂದು ಕುಕ್ಕರಗಾಲಿನಲ್ಲಿ ಕೂತು ಮೇಜಿನ ಕಾಲನ್ನು ಎರಡೂ ಕೈಗಳಿಂದ ಹಿಡಿದುಕೊಂಡ.